ಎಡಗಡೆ ಟೈರಿನ ಗಾಳಿ

ನಿಂತ ಗಾಡಿಯ ಟೈರು ಕಂಡರೆ ಹೆಬ್ಬೆರಳಿನಿಂದ ಒತ್ತಿ ನೋಡುವುದು ನನ್ನದೊಂದು ಚಟ. ಸೈಕಲ್ಲಾಗಲಿ, ಸ್ಕೂಟರಾಗಲಿ, ಮದುವೆ ಮನೆಯ ಮುಂದೆ ಹೂವು ಸುತ್ತಿಸಿಕೊಂಡು ನಿಂತ ಕಾರಾಗಲಿ, ಕೈ ತಾನಾಗಿ ಹೋಗಿಬಿಡುತ್ತದೆ. ಮೊನ್ನೆ ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹೊರಗೆ ಯಾರದೋ ಮೋಟರ್ ಬೈಕಿನ ಹಿಂದಿನ ಗಾಲಿ ಒತ್ತುತ್ತಿದ್ದೆ. ಅದರ ಧಣಿ ಎಲ್ಲಿದ್ದನೋ, ಓಡಿ ಬಂದು, "ಏನ್ ಯಜಮಾನ್ರ, ಗಾಳಿ ಬಿಡಾಕ ಹತ್ತೀರೇನು?" ಎಂದು ಗದರಿದ. ಇಲ್ಲಪ್ಪಾ, ಐತೋ ಇಲ್ಲೋ ನೋಡಿದೆ ಅಂದೆ. "ಇದ್ರ ಏನ್ ಮಾಡ್ತೀರಿ, ಇಲ್ದಿದ್ರ ಏನ್ ಮಾಡ್ತೀರಿ?" ಅಂದ. ಕೈ ಒರೆಸಿಕೊಂಡು ಹೊರಟೆ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು, "ನಿಮ್ಮ ಹೆಬ್ಬಟ್ಟಿಗೆ ಒಂದು ಚೀಲ ಹೊಲಿಸಿ ಕೊಡ್ತೀನಿ ತಡೀರಿ" ಎಂದು ಒಳಗೆ ಹೋದಳು.

ಈ ಚಟ ಅಂಟಿದ್ದು ಒಂದು ಹುಲ್ಲು ಕೊಯ್ಯುವ ಗಾಡಿಯಿಂದ. ಅದನ್ನು ಹೇಳಬೇಕೆಂದರೆ ಮೊದಲು ನನ್ನ ಇನ್ನೊಂದು ದುರ್ಗುಣ ಹೇಳಬೇಕು. ನಾನು ಬಹಳ ವರ್ಷ ಡ್ರಿಲ್ ಮಾಸ್ತರಿಕೆ ಮಾಡಿದವನು. ಮೂರು ದಶಕ ಹುಡುಗರನ್ನು ಎತ್ತರದ ಪ್ರಕಾರ ನಿಲ್ಲಿಸಿ, ಕೈಯುದ್ದ ಅಂತರ ಕೊಡಿಸಿ, ಸಾಲು ನೆಟ್ಟಗೆ ಮಾಡಿಸಿ, ಲೋಕದಲ್ಲಿ ಸೊಟ್ಟಗಿರುವುದೆಲ್ಲ ನನ್ನನ್ನೇ ಕಾಯುತ್ತ ಕೂತಿದೆ ಎಂಬ ಭ್ರಮೆ ಬಂದುಬಿಟ್ಟಿತ್ತು. ಯಾರ ಮನೆಗೆ ಹೋದರೂ ಹೊರಗೆ ಬಿಟ್ಟ ಚಪ್ಪಲಿಗಳನ್ನು ಜೋಡಿಸಿ ಒಳಗೆ ಹೋಗುವವನು ನಾನು. ಮದುವೆ ಊಟದ ಪಂಕ್ತಿಯಲ್ಲಿ ಎಲೆಗಳು ಹಿಂದುಮುಂದಾಗಿದ್ದರೆ ಅನ್ನ ಇಳಿಯುತ್ತಿರಲಿಲ್ಲ. ನನ್ನ ಸೋದರಮಾವನನ್ನು ಮಣ್ಣಿಗೆ ಒಯ್ಯುವಾಗ ಹಿಂದೆ ಬರುತ್ತಿದ್ದ ಬೀಗರಿಗೆ ತಿರುಗಿ, "ಸಾಲು ಸಾಲು" ಎಂದು ಬಿಟ್ಟಿದ್ದೆ. ಅವರು ಪಾಪ, ಅಳುವುದನ್ನು ನಿಲ್ಲಿಸಿ ಸಾಲಾದರು.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ ಇರಬೇಕು. ಹರಪನಹಳ್ಳಿಯ ಹೊರಗೆ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕೆಲಸದಲ್ಲಿದ್ದೆ. ಸುತ್ತ ಕೆಂಪು ಮಣ್ಣು, ಮೆಕ್ಕೆಜೋಳ, ಜಾಲಿ. ನಡುವೆ ಎರಡು ಎಕರೆ ಹಸಿರು ಮೈದಾನ. ನಮ್ಮ ಸೆಕ್ರೆಟರಿ ಸಾಹೇಬರಿಗೆ ಹಸಿರಿನ ಹುಚ್ಚು. ಎರಡು ಬೋರು ಹಾಕಿಸಿ, ಒಂದು ಬತ್ತಿದ ಮೇಲೆ ಮೂರನೆಯದು ಹಾಕಿಸಿ ಗರಿಕೆ ಬೆಳೆಸಿದ್ದರು. ಆ ಹುಲ್ಲನ್ನು ನಾಲ್ಕು ಜನ ಹೆಂಗಸರು ಕುಡುಗೋಲು ಹಿಡಿದು, ಕುಕ್ಕರಗಾಲಲ್ಲಿ ಕೂತು, ದಿನಕ್ಕೊಂದು ತುಂಡಿನಂತೆ ಕೊಯ್ಯುತ್ತ ಬರುತ್ತಿದ್ದರು. ಈ ತುದಿಯಿಂದ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಯಲ್ಲಿ ಮತ್ತೆ ಬೆಳೆದಿರುತ್ತಿತ್ತು. ಕೂಲಿಯ ಜೊತೆಗೆ ಕೊಯ್ದ ಹುಲ್ಲೂ ಅವರದೇ. ಸಂಜೆಗೆ ಹಳೆಯ ಸೀರೆಯಲ್ಲಿ ಹೊರೆ ಕಟ್ಟಿ, ತಲೆ ಮೇಲೆ ಹೊತ್ತು, ಮಾತಾಡುತ್ತ ಹೋಗುವರು. ಅವರಲ್ಲಿ ಹಿರಿಯಳು ಹುಲಿಗೆಮ್ಮ. ಅವಳ ಮನೆಯಲ್ಲಿ ಒಂದು ಎಮ್ಮೆ ಇತ್ತು. ಹೊಳೆದಂಡೆಯ ತೌರೂರು ಮಾಗಳದಿಂದ ಅವಳ ಅಣ್ಣ ಕೊಟ್ಟ ಕರುವಂತೆ. ಹೊಳೆ ನೀರು ಕುಡಿದು ಬೆಳೆದದ್ದು, ಇಲ್ಲಿಯ ಬೋರಿನ ನೀರಿಗೆ ಮೂಗು ಮುರಿಯುತ್ತದೆ ಎಂದು ಹೇಳಿ ಹೇಳಿ ನಗುತ್ತಿದ್ದಳು.

ನನಗೆ ಆ ನಾಲ್ವರ ಮೇಲೆ ಏನೂ ಸಿಟ್ಟಿರಲಿಲ್ಲ. ಅವರು ಕೊಯ್ದ ಹುಲ್ಲಿನ ಮೇಲಿತ್ತು. ಒಬ್ಬೊಬ್ಬರ ಕೈ ಒಂದೊಂದು ಎತ್ತರ. ಒಬ್ಬಳು ಬುಡಕ್ಕೆ ಇಡುವಳು, ಇನ್ನೊಬ್ಬಳು ತುದಿ ಸವರುವಳು. ಓಟದ ಟ್ರ್ಯಾಕಿಗೆ ಸುಣ್ಣ ಎಳೆದರೆ ಗೆರೆ ಹಾವಿನಂತೆ ಏಳುತ್ತ ಬೀಳುತ್ತ ಹೋಗುತ್ತಿತ್ತು. ಇದನ್ನು ನಾನು ಸೆಕ್ರೆಟರಿಗಳ ಕಿವಿಗೆ ಹಾಕಿದ್ದು ಒಂದೆರಡು ಸಲವಲ್ಲ.

ಅವರು ಹೊಸಪೇಟೆ ಕಡೆ ಯಾವುದೋ ಗೆಸ್ಟ್ ಹೌಸಿನಲ್ಲಿ ಮೇಲೆ ಕೂತು ಓಡಿಸುವ ಹುಲ್ಲಿನ ಮಿಷನ್ ನೋಡಿ ಬಂದರು. ನೋಡಿದ ಮೇಲೆ ನಿದ್ದೆ ಹತ್ತಲಿಲ್ಲವಂತೆ. ಮೂರು ತಿಂಗಳಲ್ಲಿ ಅಂಥದೇ ಒಂದು ಹಳೆಯದು ಮೆಕ್ಕೆಜೋಳದ ಲಾರಿಯಲ್ಲಿ ಹೇರಿಕೊಂಡು ನಮ್ಮ ಶಾಲೆಗೆ ಬಂತು. ಚಿಕ್ಕ ಟ್ರಾಕ್ಟರಿನ ಹಾಗೆ ನಾಲ್ಕು ಗಾಲಿ, ನಡುವೆ ಸೀಟು, ಹೊಟ್ಟೆಯ ಕೆಳಗೆ ಬೋರಲು ಹಾಕಿದ ದೊಡ್ಡ ಕಬ್ಬಿಣದ ತಟ್ಟೆ. ಆ ತಟ್ಟೆಯೊಳಗೆ ಎರಡು ಬ್ಲೇಡು ಗರಗರ ತಿರುಗಿ ಹುಲ್ಲು ಕತ್ತರಿಸಬೇಕು. ಓಡಿಸಲು ಕೊಟ್ರಪ್ಪನನ್ನು ಇಟ್ಟುಕೊಂಡರು. ಮೂವತ್ತೈದರ ಆಸುಪಾಸಿನ ಆಳು. ಮೊದಲು ಸುಗ್ಗಿಯಲ್ಲಿ ಊರೂರು ತಿರುಗಿ ಕೊಯ್ಲು ಮಾಡುತ್ತಿದ್ದವನು, ಆಮೇಲೆ ಟ್ರಾಕ್ಟರ್ ಕಲಿತವನು. ಹುಲಿಗೆಮ್ಮನ ಓಣಿಯವನೇ. ಹತ್ತು ಮಾತಿಗೆ ಒಂದು ಮಾತು ಆಡುವನು, ಅದನ್ನೂ ನೆಲ ನೋಡಿಕೊಂಡು.

ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು ಮಿಷನ್ ಇಳಿಸಿದೆವು. ಕೊಟ್ರಪ್ಪ ಈ ತುದಿಯಿಂದ ಆ ತುದಿಗೆ ಹೋಗಿ ಬಂದ. ಮತ್ತೊಮ್ಮೆ ಹೋಗಿ ಬಂದ. ನೋಡಿದರೆ ಮೈದಾನ ಮೆಟ್ಟಿಲು ಮೆಟ್ಟಿಲಾಗಿತ್ತು. ಗಾಡಿಯ ಎಡಗಡೆ ಹುಲ್ಲು ನುಣ್ಣಗೆ, ಬಲಗಡೆ ಗೇಣಗಲದ ಪಟ್ಟಿ ಎತ್ತರವಾಗಿ ಹಾಗೇ ನಿಂತಿತ್ತು. ಪ್ರತಿ ಸಾಲಿಗೂ ಹೀಗೇ. ಸೆಕ್ರೆಟರಿ ಸಾಹೇಬರು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಏನ್ರಿ ಇದು, ಕಜ್ಜಿ ನಾಯಿ ಮೈ ಆಗೈತಲ್ಲ!" ಅಂದರು. ಯಾರೂ ನಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ಡ್ರಿಲ್ ಮಾಸ್ತರ, ಸಮ ಇಲ್ಲ ಸಮ ಇಲ್ಲ ಅಂತ ಜೀವ ತಿಂದೋರು ನೀವು. ಇದನ್ನ ಸರಿ ಮಾಡ್ಸೋದು ನಿಮ್ಮ ಜವಾಬ್ದಾರಿ. ಅಲ್ಲೀತನಕ ಈ ಹೆಣ್ಮಕ್ಕಳು ಹಿಂದ ಹಿಂದ ಬಂದು ಉಳಿದದ್ದು ಕೊಯ್ಲಿ. ಮಿಷನ್ ಸರಿ ಆದಮ್ಯಾಲ ಅವರ್ನ ಬಿಡಿಸಿಬಿಡೋಣು."

ಈ ಮಾತನ್ನು ನಾನು ನನ್ನ ಎರಡೂ ಕಿವಿಗಳಿಂದ ಕೇಳಿದ್ದೇನೆ. ಕೇಳಲಿಲ್ಲ, ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಅನುಕೂಲ ನನಗಿಲ್ಲ. ಕೊನೆಯ ವಾಕ್ಯ ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಯಿತು. ನಡುವೆ ಉಳಿದದ್ದು "ನಿಮ್ಮ ಜವಾಬ್ದಾರಿ" ಎಂಬುದು ಮಾತ್ರ. ನನಗೆ ಅಂಥ ದೊಡ್ಡ ಮಾತನ್ನು ಅದುವರೆಗೆ ಯಾರೂ ಹೇಳಿರಲಿಲ್ಲ. ಡ್ರಿಲ್ ಮಾಸ್ತರನೆಂದರೆ ಶಾಲೆಯಲ್ಲಿ ಸೀಟಿ ಊದುವ ಪ್ರಾಣಿ, ಗಣಿತದ ಮಾಸ್ತರು ಬಾರದ ದಿನ ಅವರ ತರಗತಿ ಕಾಯುವ ಪ್ರಾಣಿ, ಅಷ್ಟೇ.

ಮಿಷನ್ನಿನ ವಿಷಯದಲ್ಲಿ ನನ್ನ ಜ್ಞಾನ ಸೈಕಲ್ಲಿನ ಚೈನು ಹಾಕುವಲ್ಲಿಗೆ ಮುಗಿಯುತ್ತದೆ. ಆದರೂ ಮರುದಿನವೇ ಶುರುಮಾಡಿದೆ. ಮೊದಲು ತಟ್ಟೆಯನ್ನು ಮಗುಚಿ ನೋಡಿದರೆ ಒಳಗೆ ಹಸಿ ಹುಲ್ಲು ಮೆತ್ತಿ ಮೆತ್ತಿ ಸಗಣಿಯ ಹಾಗೆ ಗಟ್ಟಿಯಾಗಿತ್ತು. ಅದನ್ನು ಕೆರೆದು ಕೆರೆದು ತೆಗೆದೆ. ಉಪಯೋಗವಾಗಲಿಲ್ಲ. ಬ್ಲೇಡು ಮೊಂಡಾಗಿರಬೇಕು ಅನ್ನಿಸಿತು. ಎರಡನ್ನೂ ಬಿಚ್ಚಿಸಿ, ಗೋಣಿಯಲ್ಲಿ ಸುತ್ತಿ, ಸೈಕಲ್ಲಿಗೆ ಕಟ್ಟಿಕೊಂಡು ನಮ್ಮ ಕಮ್ಮಾರ ಕಾಳಪ್ಪನಲ್ಲಿಗೆ ಒಯ್ದೆ. ಸುತ್ತಿನ ಹತ್ತು ಹಳ್ಳಿಯ ಕುಡುಗೋಲು, ಕುಂಟೆ, ಕೊಡಲಿ ಅವನ ಕುಲುಮೆ ಕಂಡೇ ಹೋಗಬೇಕು. ಸಂಜೆ ಬರ್ರಿ ಅಂದ. ಸಂಜೆ ಹೋದರೆ ಬ್ಲೇಡುಗಳು ಥಳಥಳ ಹೊಳೆಯುತ್ತಿದ್ದವು. ಕೂದಲು ಎಳೆಯನ್ನು ಅಂಚಿಗಿಟ್ಟು ಊದಿ ತೋರಿಸಿದ. ಎರಡು ತುಂಡಾಯಿತು.

"ಮತ್ತ ಸರ, ಎರಡೂ ತುದಿಗೆ ಸೊಟ್ಟ ಆಗಿದ್ವು. ಯಾವನೋ ಕಲ್ಲಿಗೆ ಹೊಡಿಸ್ಯಾನ. ಕಾಸಿ ಬಡದು ನೆಟ್ಟಗ ಮಾಡೀನಿ ನೋಡ್ರಿ," ಎಂದ. ನನಗೆ ಅವನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಸೊಟ್ಟಗಿದ್ದದ್ದನ್ನು ಕೇಳದೆಯೇ ನೆಟ್ಟಗೆ ಮಾಡುವ ಇನ್ನೊಬ್ಬ ಮನುಷ್ಯ ಈ ಊರಿನಲ್ಲಿದ್ದಾನಲ್ಲ ಎಂದು.

ಬ್ಲೇಡು ಹಾಕಿ ಓಡಿಸಿದರೆ ಗಾಡಿ ಮೈಮೇಲೆ ದೇವರು ಬಂದವರಂತೆ ನಡುಗಿತು. ಹುಲ್ಲು ಮಲಗಿತು, ಎದ್ದಿತು, ಕೊಯ್ಯಿಸಿಕೊಳ್ಳಲಿಲ್ಲ. ದಾವಣಗೆರೆಗೆ ಹೋಗಿ ಬಿಡಿಭಾಗದ ಅಂಗಡಿಯವನಿಗೆ ತೋರಿಸಿದಾಗ ಅವನು ಬ್ಲೇಡನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, "ತುದಿಗೆ ಕಿವಿ ಇರ್ತಾವಲ್ರಿ, ಮ್ಯಾಲಕ್ಕೆ ಬಗ್ಗಿರ್ತಾವ, ಅವೇ ಗಾಳಿ ಎಬ್ಬಿಸಿ ಹುಲ್ಲನ್ನ ನಿಲ್ಸೋವು. ಅವನ್ನ ಯಾರು ಬಡದು ಮಟ್ಟ ಮಾಡಿದೋರು?" ಎಂದು ಕೇಳಿದ. ನಾನು ಕಾಳಪ್ಪನ ಹೆಸರು ಹೇಳಲಿಲ್ಲ, ನನ್ನ ಹೆಸರೂ ಹೇಳಲಿಲ್ಲ. ಯಾರೋ ಹಳ್ಳಿಯವರು ಅಂದೆ. ಹೊಸ ಬ್ಲೇಡು ತಂದೆ. ನಡುಕ ನಿಂತಿತು, ಆದರೆ ಬಲಗಡೆಯ ಪಟ್ಟಿ ಹಾಗೇ ನಿಂತಿತ್ತು.

ಆಮೇಲೆ ಬೆಲ್ಟು ಬದಲಾಯಿಸಿದೆವು. ಗಾಡಿ ಜೋರಾಗಿ ಓಡುತ್ತದೇನೋ ಎಂದು ಅದರ ಪಕ್ಕದಲ್ಲಿ ಸೀಟಿ ಹಿಡಿದು ನಡೆದೆ. ಜೋರಾದರೆ ಒಂದು ಪೀಪಿ, ನಿಧಾನಕ್ಕೆ ಎರಡು. ಇಡೀ ಶಾಲೆ ಕಿಟಕಿಗೆ ಬಂದು ನೋಡಿತು. ತಟ್ಟೆಯೇ ವಾಲಿರಬಹುದು ಎಂದು ಗಾಡಿಯನ್ನು ಪ್ರಾರ್ಥನೆಯ ಕಟ್ಟೆಯ ಮೇಲೆ ಹತ್ತಿಸಿ, ಕಂಪಾಸಿನ ಪೆಟ್ಟಿಗೆಯ ಸ್ಕೇಲು ತಂದು, ಮಂಡಿಯೂರಿ ಅಳೆದೆ. ಎಡಗಡೆ ಮೂರು ಇಂಚು. ಬಲಗಡೆ ಮೂರು ಇಂಚು. ಒಂದು ನೂಲಿನಷ್ಟೂ ಫರಕಿಲ್ಲ. ಕಟ್ಟೆಯ ಮೇಲೆ ಸಮ, ಮೈದಾನದಲ್ಲಿ ಸೊಟ್ಟ. ಕೊಟ್ರಪ್ಪನನ್ನು ಕೇಳಿದೆ, "ಏನಪ್ಪಾ ಇದು ಮಾಯ?" ಅವನು ನೆಲ ನೋಡುತ್ತ, "ನೆಲದ ಗುಣ ಇರಬೇಕ್ರಿ ಸರ," ಅಂದ. ನಾನು ನಂಬಿದೆ. ಅವತ್ತಿಡೀ ಮೈದಾನದ ಏರುತಗ್ಗು ಹುಡುಕುತ್ತ ಬಗ್ಗಿ ನಡೆದೆ. ರಾತ್ರಿ ಸೊಂಟಕ್ಕೆ ಹೆಂಡತಿ ಎಣ್ಣೆ ಹಚ್ಚಬೇಕಾಯಿತು. "ಹುಲ್ಲು ಹೆಂಗಾರ ಇರವಲ್ದ್ಯಾಕ. ಯಾರಿಗೇನು ತ್ರಾಸ?" ಅಂದಳು. ಆ ಪ್ರಶ್ನೆಯನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಹೀಗೆ ಒಂದೂವರೆ ತಿಂಗಳು ಹೋಯಿತು. ಅಷ್ಟೂ ದಿನ ಮುಂದೆ ಕೊಟ್ರಪ್ಪನ ಗಾಡಿ, ಹಿಂದೆ ನಾಲ್ಕು ಜನ ಹೆಂಗಸರು. ಗಾಡಿ ಬಿಟ್ಟ ಪಟ್ಟಿಯನ್ನು ಕೊಯ್ದು, ಹೊರೆ ಕಟ್ಟಿ ಒಯ್ಯುತ್ತಿದ್ದರು. ಮಿಷನ್ ಕೊಯ್ದ ಹುಲ್ಲು ಪುಡಿಪುಡಿಯಾಗಿ, ಪೆಟ್ರೋಲಿನ ನಾತ ಹೊಡೆಯುತ್ತ, ಗುಡ್ಡೆ ಹಾಕಿದರೆ ಗಂಟೆಯೊಳಗೆ ಬೆಚ್ಚಗಾಗಿ ಕೊಳೆಯಲು ಶುರುವಾಗುವುದು. ಹುಲಿಗೆಮ್ಮ ಒಮ್ಮೆ ಒಯ್ದು ಹಾಕಿದ್ದಳಂತೆ. ಎಮ್ಮೆ ಮೂಸಿ ಮುಖ ತಿರುವಿತಂತೆ. "ನನ್ನ ತೌರಿನ ಎಮ್ಮಿ ನೋಡ್ರಿ ಮೇಷ್ಟ್ರ, ಗಾಸ್ಲೆಟ್ ಹುಲ್ಲು ಉಣ್ಣಂಗಿಲ್ಲ ಅದು," ಎಂದು ಹೆಮ್ಮೆಯಿಂದ ಹೇಳಿದ್ದಳು. ನಾನು ಹೂಂಗುಟ್ಟಿ ಸ್ಕೇಲು ಹುಡುಕಲು ಹೋಗಿದ್ದೆ.

ಸ್ವಾತಂತ್ರ್ಯ ದಿನಕ್ಕೆ ಇನ್ನು ಒಂದು ವಾರ. ಬೆಳಿಗ್ಗೆ ಕೊಟ್ರಪ್ಪ ಎರಡು ಸಾಲು ಹೊಡೆದು, ಗಾಡಿ ಮೈದಾನದ ನಡುವೆ ನಿಲ್ಲಿಸಿ ನೀರು ಕುಡಿಯಲು ನಲ್ಲಿಯ ಕಡೆ ಹೋಗಿದ್ದ. ನಾನು ಗಾಡಿಯ ಹತ್ತಿರ ಬಂದು, ದಣಿವಿಗೆ ಸುಮ್ಮನೆ ಎಡಗಡೆಯ ಹಿಂದಿನ ಗಾಲಿಗೆ ಕೈಯೂರಿ ಕೂತೆ. ಹೆಬ್ಬೆರಳು ಒಳಗೆ ಹೋಯಿತು. ಮೆತ್ತಗೆ, ಹಣ್ಣಾದ ಪಪ್ಪಾಯಿಯ ಹಾಗೆ. ಮುಂದಿನದನ್ನು ಒತ್ತಿದೆ, ಅದೂ ಹಾಗೇ. ಬಲಗಡೆಯವು ಕಲ್ಲು. ಎಡಗಡೆ ಗಾಳಿ ಕಮ್ಮಿ, ಗಾಡಿ ಎಡಕ್ಕೆ ಕುಗ್ಗುತ್ತದೆ, ತಟ್ಟೆಯೂ ಎಡಕ್ಕೆ ಇಳಿಯುತ್ತದೆ, ಬಲಗಡೆ ಎತ್ತಿಕೊಳ್ಳುತ್ತದೆ. ಇಷ್ಟೇ! ಒಂದೂವರೆ ತಿಂಗಳು ನಾನು ಬ್ಲೇಡು, ಬೆಲ್ಟು, ಭೂಗೋಳವನ್ನೆಲ್ಲ ಪರೀಕ್ಷಿಸಿದ್ದೆ. ಗಾಲಿಗೆ ಗಾಳಿ ಇದೆಯೋ ಇಲ್ಲವೋ ಅಂತ ಮಾತ್ರ ನೋಡಿರಲಿಲ್ಲ.

ನಾನು ಸೀಟಿ ಊದಿದ್ದು ಬಸ್ ಸ್ಟ್ಯಾಂಡಿಗೂ ಕೇಳಿರಬೇಕು. ಶೆಡ್ಡಿನಿಂದ ಪಂಪು ತಂದು ನಾನೇ ಹೊಡೆದೆ. ಕೊಟ್ರಪ್ಪ ನೀರಿನ ಬಾಟಲಿ ಹಿಡಿದು ನಿಂತು ನೋಡುತ್ತಿದ್ದ. "ಓಡಿಸು," ಅಂದೆ. ಅವನು ತುಸು ತಡೆದು ಹತ್ತಿ ಕೂತ. ಗಾಡಿ ಹೋದ ದಾರಿ ಜಮಖಾನೆ ಹಾಸಿದಂತೆ ಆಯಿತು. ಎಡಗಡೆ ಬಲಗಡೆ ಎಂಬ ಭೇದವೇ ಇಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುತ್ತಿಲ್ಲ. ಜೀವಮಾನದಲ್ಲಿ ನಾನು ಕಂಡ ಅತ್ಯಂತ ನೆಟ್ಟನೆಯ ವಸ್ತು ಅದು.

ಸೆಕ್ರೆಟರಿ ಸಾಹೇಬರನ್ನು ಕರೆಸಿದೆವು. ಅವರು ಚಪ್ಪಲಿ ಕಳೆದು ಹುಲ್ಲಿನ ಮೇಲೆ ನಡೆದರು. "ಮಾಸ್ತರ, ಹತ್ತು ಮೆಕ್ಯಾನಿಕ್ಕು ನಿಮ್ಮ ಮುಂದ ನಿವಾಳಿಸಿ ಒಗೀಬೇಕು," ಅಂದರು. ಸ್ಟಾಫ್ ರೂಮಿನಲ್ಲಿ ನನಗೆ ಚಹಾ ತರಿಸಿದರು. ಆ ಉಮೇದಿನಲ್ಲಿ ನಾನು ಒಂದು ಕಾರ್ಡ್‌ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: "ಪ್ರತಿದಿನ ಹುಲ್ಲು ಕೊಯ್ಯುವ ಮುನ್ನ ಎಡಗಡೆಯ ಎರಡೂ ಟೈರುಗಳ ಗಾಳಿಯನ್ನು ಕಾವಲುಗಾರನು ಸ್ವತಃ ಒತ್ತಿ ನೋಡತಕ್ಕದ್ದು. ಅನಂತರವೇ ಬೀಗದ ಕೈ ಕೊಡತಕ್ಕದ್ದು." ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಶೆಡ್ಡಿನ ಬಾಗಿಲಿಗೆ ತೂಗುಹಾಕಿದರು.

ನಾನು ಚಹಾ ಕುಡಿಯುವಾಗ ಕಿಟಕಿಯಿಂದ ಮೈದಾನ ಕಾಣುತ್ತಿತ್ತು. ನಾಲ್ಕು ಜನ ಹೆಂಗಸರು ಕುಡುಗೋಲು ಹಿಡಿದು ಬಂದರು. ಗಾಡಿ ಹೋದ ಜಾಡಿನಲ್ಲಿ ಸ್ವಲ್ಪ ದೂರ ನಡೆದರು, ನಿಂತರು. ಹುಲಿಗೆಮ್ಮ ಬಗ್ಗಿ ಅಂಗೈಯನ್ನು ಹುಲ್ಲಿನ ಮೇಲೆ ಆಡಿಸಿದಳು. ಆಮೇಲೆ ಕೊಟ್ರಪ್ಪನಿಗೆ ಕೂಗಿ ಹೇಳಿದ್ದು ನನಗೂ ಕೇಳಿಸಿತು. "ಏನೂ ಉಳಿದಿಲ್ಲಲ್ಲೋ ಕೊಟ್ರ್ಯಾ."

ಅವತ್ತು ಸಂಜೆಯೇ ಅವರಿಗೆ ನಾಳೆಯಿಂದ ಬರಬೇಡಿ ಎಂದು ಹೇಳಿ ಕಳಿಸಿದರು. ಖಾಲಿ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಹೋದರು. ಸಂಜೆಯ ಹೊತ್ತು ಹೊರೆಯಿಲ್ಲದ ಅವರ ತಲೆಗಳನ್ನು ನಾನು ಮೊದಲ ಸಲ ನೋಡಿದ್ದು.

ಸ್ವಾತಂತ್ರ್ಯ ದಿನ ಚೆನ್ನಾಗಿಯೇ ಆಯಿತು. ಸುಣ್ಣದ ಗೆರೆ ದಾರ ಎಳೆದಂತಿತ್ತು. ಅದಾಗಿ ಮೂರ್ನಾಲ್ಕು ದಿನಕ್ಕೆ ಶೆಡ್ಡಿಗೆ ಹೋದಾಗ ಕೊಟ್ರಪ್ಪ ತಟ್ಟೆ ತೊಳೆಯುತ್ತಿದ್ದ. ನಾನು, ಏನಪ್ಪಾ, ಒಂದೂವರೆ ತಿಂಗಳು ಇಬ್ಬರೂ ದಡ್ಡರಾದೆವಲ್ಲ ಎಂದು ನಗೆಯಾಡಿದೆ. ಅವನು ಕೈ ನಿಲ್ಲಿಸಿದ. ಆವತ್ತು ಅವನು ಆಡಿದಷ್ಟು ಮಾತು ಮತ್ತೆಂದೂ ಆಡಿದ್ದಿಲ್ಲ.

"ಸರ, ಗಾಳಿ ಕಮ್ಮಿ ಐತಿ ಅಂತ ನಿಮಗ ಗೊತ್ತಾತು. ಯಾಕ ಕಮ್ಮಿ ಆತು ಅಂತ ಕೇಳಿದ್ರೇನು?"

"ಯಾಕೆ?" ಅಂದೆ.

"ಮೊದಲ್ನೇ ದಿನ ತಾನಾಗೇ ಇಳದಿತ್ರಿ. ಮರುದಿನ ನನಗ ಗೊತ್ತಾತು, ಹೊಡಿಯಾಕ ಪಂಪು ತಗಂಡೆ. ಅಷ್ಟ್ರಾಗ ಹುಲಿಗೆವ್ವ ಬಂದ್ಲು. ಕೊಟ್ರ್ಯಾ, ನಿನ್ನಿ ನಿನ್ನ ಗಾಡಿ ಉಳಿಸಿದ್ದು ಎಮ್ಮಿಗೆ ಸಾಲ್ತು ನೋಡು ಅಂದ್ಲು. ಪಂಪು ಅಲ್ಲೇ ಇಟ್ಟೆ. ಆಮ್ಯಾಲ ದಿನಾ ಮುಂಜಾನಿ ಎಡಗಡೀದು ಒಂಚೂರು ಬಿಡ್ತಿದ್ದೆ, ಕೆಲಸ ಮುಗಿದಮ್ಯಾಲ ಹೊಡೀತಿದ್ದೆ. ನೀವು ಕಟ್ಟಿ ಮ್ಯಾಲ ಹತ್ತಿಸಿ ಅಳದಾಗ ಹೊಡದಿದ್ದೆ." ತಟ್ಟೆಗೆ ಮತ್ತೆ ನೀರು ಹಾಕುತ್ತ ಅಂದ, "ನಾನು ಹೊಲ ಕೊಯ್ದಾವ ಸರ. ಹೊಲ ಅಂದಮ್ಯಾಲ ಹಕ್ಕಲ ಬಿಡಬೇಕಲ್ರಿ."

"ಅವರಿಗೆ ಗೊತ್ತಿತ್ತೇನು?"

"ಇಲ್ರಿ. ಗೊತ್ತಾದ್ರ ಹುಲಿಗೆವ್ವ ಮುಟ್ಟಂಗಿಲ್ಲ. ಬಿಟ್ಟದ್ದು ಅಂದ್ರ ಭಿಕ್ಷಾ ಆಗತೈತಿ. ಉಳಿದದ್ದು ಅಂದ್ರ ಹಕ್ಕಲ. ನೀವೂ ಹೇಳಬ್ಯಾಡ್ರಿ."

ಹಕ್ಕಲು ಎಂದರೆ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕೊಯ್ಲಾದ ಹೊಲದಲ್ಲಿ ಕೊಯ್ಯುವವರ ಕೈತಪ್ಪಿ ಉಳಿದ ತೆನೆ, ಕಾಯಿ. ಅದು ಹೊಲದ ಧಣಿಯದಲ್ಲ, ಆಯಲು ಬಂದವರದು. ಕೂಡ್ಲಿಗಿ ಸೀಮೆಯ ನಮ್ಮ ಹಳ್ಳಿಯಲ್ಲಿ ಶೇಂಗಾ ಕಿತ್ತ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಹಕ್ಕಲಿಗೆ ಹೋಗುತ್ತಿದ್ದಳು. ಒಣಗಿದ ಕೆಂಪು ಮಣ್ಣನ್ನು ಗೂಟದಿಂದ ಕೆದಕಿ, ಒಳಗೆ ಉಳಿದ ಕಾಯಿ ಆರಿಸಿ ಮಡಿಲಿಗೆ ಹಾಕುವುದು. ಉಗುರಿನ ಸಂದಿಯಲ್ಲಿ ಮಣ್ಣು ಕೂತು ಮೂರು ದಿನ ಉರಿಯುತ್ತಿತ್ತು. ನಾನು ಸಿಕ್ಕಿದ್ದರಲ್ಲಿ ಅರ್ಧ ಅಲ್ಲೇ ತಿನ್ನುವವನು. ಅವ್ವ ಬೈಯುತ್ತಿರಲಿಲ್ಲ. ಅದೇ ವರ್ಷದ ನಮ್ಮ ಎಣ್ಣೆ, ನಮ್ಮ ಚಟ್ನಿ. ಕೀಳುವ ಆಳುಗಳು ನಮ್ಮನ್ನು ಬದುವಿನ ಮೇಲೆ ಕಂಡರೆ ಬೇಕೆಂದೇ ಕೈ ಸಡಿಲು ಬಿಡುತ್ತಿದ್ದರೇ? ಈಗ ಅನ್ನಿಸುತ್ತದೆ, ಬಿಡುತ್ತಿದ್ದರು. ಆಗ ನಾನು ಅದನ್ನು ನನ್ನ ಕಣ್ಣಿನ ಚುರುಕು ಎಂದುಕೊಂಡಿದ್ದೆ. ಊರಲ್ಲಿ ಒಬ್ಬ ಇದ್ದ. ಕೊಯ್ಲಾದ ಮೇಲೆ ಹೆಂಡತಿ ಮಕ್ಕಳನ್ನು ಇಳಿಸಿ ತನ್ನ ಹೊಲದ ಹಕ್ಕಲನ್ನೂ ತಾನೇ ಆಯಿಸಿಕೊಳ್ಳುವವನು. ಅವನ ಮನೆಯ ಮದುವೆಗೂ ಜನ ಮನಸ್ಸಿಲ್ಲದೆ ಹೋಗುತ್ತಿದ್ದರು. ಅವ್ವ ಯಾರನ್ನೂ ಬೈದವಳಲ್ಲ. ಅವನನ್ನು ಕಂಡರೆ ಮಾತ್ರ, "ಹಕ್ಕಲನೂ ಬಿಡದ ಮುಕ್ಕ" ಎಂದು ಮುಖ ತಿರುವುವಳು. ಅವ್ವ ಇದ್ದಿದ್ದರೆ ನನ್ನನ್ನೂ ಹಾಗೇ ಅನ್ನುತ್ತಿದ್ದಳು. ಅವಳ ಮಡಿಲಿನ ಶೇಂಗಾ ತಿಂದು ಬೆಳೆದ ನನಗೆ ಕಣ್ಣೆದುರು ಒಂದೂವರೆ ತಿಂಗಳು ನಡೆದ ಹಕ್ಕಲು ಕಾಣಲಿಲ್ಲ, ಸೊಟ್ಟ ಸಾಲು ಕಂಡಿತು. ಇದಕ್ಕಿಂತ ನಾಚಿಕೆ ನನಗೆ ಬೇರೆಯಿಲ್ಲ.

ಸರಿಪಡಿಸಲು ಹೋಗಲಿಲ್ಲವೆಂದಲ್ಲ. ಮತ್ತೆ ಪಟ್ಟಿ ಉಳಿದರೆ ಅವರನ್ನು ವಾಪಸು ಕರೆಸಿಯಾರು ಎಂದು ಮರುದಿನ ಬೆಳಿಗ್ಗೆ ಬೇಗ ಶೆಡ್ಡಿಗೆ ಹೋಗಿ ಎಡಗಡೆಯ ಗಾಳಿ ಇಳಿಸಿದೆ. ಕಾವಲುಗಾರ ಬಂದ, ಹೆಬ್ಬೆರಳು ಒತ್ತಿದ, ಪಂಪು ತಂದು ತುಂಬಿದ. ಇರಲಿ ಬಿಡಪ್ಪಾ, ಇವತ್ತೊಂದಿನ ಅಂದೆ. "ಹೆಂಗ ಬಿಡ್ಲಿ ಸರ? ಇಲ್ಲಿ ನಿಮ್ಮ ಅಕ್ಷರನ ಐತಲ್ಲ," ಎಂದು ಗಾಜಿನ ಚೌಕಟ್ಟು ತೋರಿಸಿದ. ಸೆಕ್ರೆಟರಿಗಳ ಹತ್ತಿರ ಹೋಗಿ, ಆ ಹೆಂಗಸರಿಗೆ ಹೂವಿನ ಪಾತಿ ಮಾಡುವ ಕೆಲಸವನ್ನಾದರೂ ಕೊಡೋಣ ಅಂದೆ. "ನೋಡೋಣು ಬಿಡ್ರಿ," ಅಂದರು. ಅವರು ಹಾಗಂದರೆ ಏನರ್ಥವೆಂದು ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಕಿರಿಯ ಮೂವರು ಮೆಕ್ಕೆಜೋಳದ ಮಂಡಿಗೆ ಚೀಲ ಜಾಡಿಸಲು, ಕಾಳು ಹಸನು ಮಾಡಲು ಹೋದರಂತೆ. ಹುಲಿಗೆಮ್ಮನಿಗೆ ಸೊಂಟ ನೋವು. ಕೂತು ಕೊಯ್ಯಬಲ್ಲಳು, ನಿಂತು ಎತ್ತಲಾರಳು.

ಗಣಪತಿ ಹಬ್ಬ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವಳ ಮನೆ ಹುಡುಕಿಕೊಂಡು ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ತಪ್ಪಾಯಿತವ್ವಾ ಎಂಬಲ್ಲಿಂದ ಶುರುಮಾಡುವುದು, ಅಲ್ಲಿಗೇ ನಿಲ್ಲಿಸುವುದು. ಅವಳು ಕಟ್ಟೆಯ ಮೇಲೆ ಕೂತು ತೊಗರಿ ಆರಿಸುತ್ತಿದ್ದಳು. "ಅಯ್ಯ, ಮೇಷ್ಟ್ರು ಬಂದಾರ! ಬರ್ರಿ, ಬರ್ರಿ, ಕುಂದರ್ರಿ," ಎಂದು ಸೆರಗಿನಿಂದಲೇ ಕಟ್ಟೆ ಜಾಡಿಸಿದಳು. ಅಂಗಳದಲ್ಲಿ ಗೂಟ ಇತ್ತು. ಸುತ್ತ ನೆಲ ಗಟ್ಟಿಯಾಗಿ ಒಣಗಿತ್ತು.

"ಎಮ್ಮೆ?" ಅಂದೆ.

"ಕೊಟ್ಟಿವ್ರಿ, ಹೋದ ಸಂತ್ಯಾಗ. ಮೇವು ಕೊಂಡು ಕಟ್ಟೋದು ನಮ್ಮಂಥೋರಿಗೆ ಎಲ್ಲಿ ಆಗತೈತಿ? ಒಯ್ಯಾಗ ಓಣಿ ತುದೀತನಕ ಒದರಿಕೋಂತ ಹೋತ್ರಿ." ಅಷ್ಟು ಹೇಳಿ ಒಳಗೆ ಹೋದಳು. ಒಲೆ ಊದುವ ಸದ್ದು ಕೇಳಿಸಿತು. ಚಹಾದ ಲೋಟ ಹಿಡಿದು ಬಂದು, ಕೈಗೆ ಕೊಟ್ಟು, ಎದುರಿಗೆ ಕೂತಳು.

"ಹುಲಿಗೆಮ್ಮಾ, ಆ ಮಿಷನ್ನು..." ಎಂದೆ.

"ಹೂಂರಿ, ಈಗ ಭಾಳ ಚೆಂದ ಕೊಯ್ತೈತಂತಲ್ಲ! ಎಲ್ಲಾರೂ ಹೇಳ್ತಾರ. ಅಷ್ಟು ಮಂದಿ ನೋಡಿದ್ರೂ ತಿಳೀಲಿಲ್ಲಂತ, ನಮ್ಮ ಡ್ರಿಲ್ ಮೇಷ್ಟ್ರು ಬರೇ ಬಟ್ಟು ಇಟ್ಟು ಹಿಂಗಂದ್ರಂತ. ಶಾಣ್ಯಾರು ಬಿಡ್ರಿ ನೀವು."

ಅವಳ ಮುಖವನ್ನು ದಿಟ್ಟಿಸಿ ನೋಡಿದೆ. ತರಗತಿಯಲ್ಲಿ ಹುಡುಗರ ಮುಖದಲ್ಲಿ ಕುಚೋದ್ಯ ಹುಡುಕಿ ಹುಡುಕಿ ನುರಿತ ಕಣ್ಣು ನನ್ನದು. ಅವಳ ಮುಖದಲ್ಲಿ ಅಂಥದೇನೂ ಇರಲಿಲ್ಲ. ಮನಸ್ಸಿನಿಂದಲೇ ಹೇಳಿದ್ದಳು.

ಬಾಯಿಪಾಠ ಮಾಡಿದ್ದು ಹೊರಗೆ ಬರಬೇಕಾದ ಹೊತ್ತು ಅದು. ಹೇಳಿದರೆ ಕೊಟ್ರಪ್ಪನ ಗುಟ್ಟು ಬಯಲಾಗುತ್ತದೆ ಎಂಬ ನೆಪ ತಕ್ಷಣ ಸಿಕ್ಕಿತು. ಆದರೆ ನಾಲಿಗೆ ಕಟ್ಟಿದ್ದು ಅದಲ್ಲ. ಆ ಗೂಟದ ಮುಂದೆ ಕೂತು, ಎಮ್ಮೆ ಮಾರಿಕೊಂಡವಳ ಬಾಯಿಂದ ಶಾಣ್ಯಾ ಅನ್ನಿಸಿಕೊಂಡಾಗ, ನನಗೆ ಸಂತೋಷವಾಗಿತ್ತು. ಒಂದು ಗಳಿಗೆ, ಅಷ್ಟೇ. ಆದರೂ ಆಗಿತ್ತು. ಅವಳು ಕೊಟ್ಟ ಹಾಲಿಲ್ಲದ ಚಹಾ ಕುಡಿದು ಮುಗಿಸಿ, "ಬರ್ತೀನವ್ವಾ," ಎಂದು ಎದ್ದು ಬಂದೆ.